ಕಡವೆಯ ಮೈಯಲ್ಲಿ ಸಿಕ್ಕ ಚಕ್ಕೆ

ಎಲೆ ಉದುರತೊಡಗಿದ ದಿನದಿಂದ ಹೆಸ್ಕ್ ನನ್ನ ಕಾಲನ್ನೇ ನೋಡುತ್ತಿದ್ದ. ಹೆಸ್ಕ್ ನನ್ನ ಸತ್ತ ಗಂಡನ ಅಣ್ಣ, ದೋಣಿ ಅವನದು. ನಾವಿರುವ ಸರೋವರ ಹೆಪ್ಪುಗಟ್ಟುವ ಮೊದಲು ಎಲ್ಲರೂ ದೋಣಿಯಲ್ಲಿ ಹೊಳೆಯ ಕೆಳಕ್ಕೆ ಸಾಗಿ ಕಡಲಂಚಿನ ಬಿಡಾರ ಸೇರಬೇಕು. ಇಲ್ಲೇ ಉಳಿದವರನ್ನು ಚಿಗುರು ಕಾಲದಲ್ಲಿ ಬಂದು ಹೂಳುವುದೊಂದೇ ಬಾಕಿ. ಈ ಸಲ ದೋಣಿಯಲ್ಲಿ ಕುಂಟಿಗೆ ಜಾಗವಿಲ್ಲವೆಂದು ಅವನು ಬೆಂಕಿಯ ಸುತ್ತ ಕೂತವರಿಗೆಲ್ಲ ಹೇಳಿಯಾಗಿತ್ತು. ನನಗೊಬ್ಬಳಿಗೆ ಹೇಳಿರಲಿಲ್ಲ, ಅಷ್ಟು ಧೈರ್ಯಸ್ಥ.

ನಾನು ಕಲ್ಲು ಹೊಡೆಯುವವಳು. ಚಕಮಕಿ ಕಲ್ಲಿನಿಂದ ಉಗುರಿನಗಲದ ಚಕ್ಕೆ ಎಬ್ಬಿಸಿ, ಬಾಣದ ತುದಿಯಲ್ಲಿ ಅಂಟು ಹಾಕಿ ಕೂರಿಸುವಂತೆ ಅಂಚು ತೀಡಿ ಕೊಡುತ್ತೇನೆ. ಗಂಡ ಹೋದ ಮೇಲೆ ನನ್ನ ಚಕ್ಕೆ ದರಿದ್ರದ್ದೆಂದು ಹೆಸ್ಕ್ ಮುಟ್ಟುವುದನ್ನೇ ಬಿಟ್ಟ. ತಾನೇ ಹೊಡೆಯಲು ಕೂತ. ಕಲ್ಲು ಪುಡಿಯಾಯಿತು, ಹೆಬ್ಬೆರಳು ಜಜ್ಜಿಹೋಯಿತು, ಚಕ್ಕೆ ಮಾತ್ರ ಏಳಲಿಲ್ಲ. ನಾನು ನಕ್ಕೆ. ನಗಬಾರದಿತ್ತೇನೋ, ಬಂತು.

ಆಮೇಲೊಂದು ದಿನ ಅವನು ಕಡವೆ ಹೊಡೆದು ತಂದ. ಕೊಬ್ಬಿದ ಗಂಡು. ಅವನ ತಾಯಿ, ನನ್ನ ಅತ್ತೆ ಓರ್ನಾ, ಅದನ್ನು ಸೀಳುವಾಗ ಪಕ್ಕೆಲುಬಿನ ಸಂದಿಯಿಂದ ಒಂದು ಚಕ್ಕೆ ತೆಗೆದು ಅಂಗೈಗೆ ಒರೆಸಿದಳು. ಕಪ್ಪು ಕಲ್ಲು, ಅಡ್ಡಕ್ಕೆ ಬಿಳಿ ಗೆರೆ. ನಮ್ಮಲ್ಲಿ ಬೇಟೆ ಬಾಣ ಬಿಟ್ಟವನದಲ್ಲ, ಕಲ್ಲು ಹೊಡೆದವರದು, ಹಂಚುವವರೂ ಅವರೇ. ಕುಂಟುತ್ತ ಹೋಗಿ, ನಾನು ಹಿಂದೆ ಚಕ್ಕೆ ಎಬ್ಬಿಸಿದ್ದ ಕಪ್ಪು ಕಲ್ಲಿನ ಉಳಿದ ಗಟ್ಟಿಯನ್ನು ತಂದೆ. ಎದ್ದ ಜಾಗಕ್ಕೆ ಚಕ್ಕೆಯನ್ನಿಟ್ಟೆ. ಗೆರೆ ಗೆರೆಗೆ ಕೂಡಿತು.

"ದರಿದ್ರದ ಚಕ್ಕೆ ಕದ್ದು ತಗೊಂಡ್ರಾ ಭಾವ?"

ಹೆಸ್ಕ್ ಎರಡನ್ನೂ ಕಿತ್ತುಕೊಂಡು ನೀರಿಗೆಸೆದ. "ಯಾವ ಚಕ್ಕೆನೇ ತೂವಾ? ಎಲ್ಲಿದೆ ತೋರ್ಸು."

ಗೆರೆ ಕೂಡಿದ್ದನ್ನು ಕಂಡವರೆಲ್ಲ ಬೆಂಕಿಗೆ ಕಟ್ಟಿಗೆ ಒಡ್ಡತೊಡಗಿದರು. ದೋಣಿ ಅವನದಲ್ಲವೇ. ಒಬ್ಬೊಬ್ಬರ ಮುಖಕ್ಕೂ ಉಗಿಯಬೇಕೆನಿಸಿತು. ಅತ್ತೆ ರಕ್ತದ ಕೈಯನ್ನು ಹುಲ್ಲಿಗೆ ಒರೆಸಿ, ಕೊಯ್ಯುವ ಕಲ್ಲನ್ನು ನನ್ನ ಮುಂದೆ ಇಟ್ಟಳು. ಅವಳಿಗೂ ನನ್ನನ್ನು ಕಂಡರೆ ಆಗದು. ಗಂಡನನ್ನು ತಿಂದುಕೊಂಡವಳೆಂದು ನನಗೆ ಹೆಸರಿಟ್ಟವಳೇ ಅವಳು.

"ಹಂಚೇ. ನಿನ್ನ ಮೇಲಿನ ಪ್ರೀತಿಗಲ್ಲ. ಕದ್ದ ಮಾಂಸ ತಿಂದ್ರೆ ಮುಂದೆ ಬೇಟೆ ಸಿಗಲ್ಲ, ಅದಕ್ಕೆ." ಮಗನ ಕಡೆ ತಿರುಗಿದಳು. "ಇವಳು ಹಂಚೋ ಮಾಂಸ ಪೂರ್ತಿ ತಿಂದು ಮುಗಿಯೋ ತನಕ ಇವಳನ್ನ ಬಿಟ್ಟುಹೋಗೋ ಹಾಗಿಲ್ಲ ಕಣೋ. ಗೊತ್ತಲ್ಲ?"

"ಗೊತ್ತವ್ವ," ಎಂದ ಹೆಸ್ಕ್. "ಮುಗಿಯುತ್ತಲ್ಲ."

ಹಂಚಿದೆ. ಅವನೂ ನನ್ನ ಕೈಯಿಂದಲೇ ಇಸಿದುಕೊಂಡ. ಮಿಕ್ಕಿದ್ದನ್ನು ಹೊಗೆಯಲ್ಲಿ ಒಣಗಿಸಿ ದೋಣಿಗೆ ಹಾಕಿದ್ದಾಯಿತು, ನಾನೂ ಹತ್ತಿದ್ದಾಯಿತು.

ಈಗ ಹೊಳೆಯಲ್ಲಿದ್ದೇವೆ. ಎರಡೂ ದಡದಲ್ಲಿ ಆಗಲೇ ಮಂಜುಗಡ್ಡೆ ಕಟ್ಟಿದೆ, ಕಡಲು ಇನ್ನೂ ದೂರ. ಹೆಸ್ಕ್ ತೇಗುತ್ತಲೇ ಆ ಮಾಂಸ ತಿನ್ನುತ್ತಾನೆ. ಮಕ್ಕಳು ಬೇಡವೆಂದರೂ ಬಾಯಿಗೆ ತುರುಕುತ್ತಾನೆ. ನನಗೂ ದೊಡ್ಡ ತುಂಡನ್ನೇ ಆರಿಸಿ ಚಾಚುತ್ತಾನೆ. ನನ್ನ ಜನ್ಮದಲ್ಲಿ ಯಾರೂ ನನಗೆ ಇಷ್ಟು ಉಪಚಾರ ಮಾಡಿಲ್ಲ. ಹಸಿವಿಲ್ಲ ಭಾವ, ಎನ್ನುತ್ತೇನೆ. ಹೊಟ್ಟೆ ಬೆನ್ನಿಗೆ ಅಂಟಿದೆ.