ಮೆಟ್ಟಿಲ ಮೇಲೆ ಕೂತ ಹುಡುಗಿ

ಫೋಟೊಗಳಿಗೆ ಕಟ್ಟು ಹಾಕಿಕೊಡುವ ಆ ಅಂಗಡಿಯನ್ನು ಮೊದಲು ಅಪ್ಪ ನೋಡಿಕೊಳ್ಳುತ್ತಿದ್ದ. ಅವನು ತೀರಿಕೊಂಡ ಮೇಲೆ ಮಗಳ ಕೈಗೆ ಬಂತು. ಅವಳಿಗೆ ಮದುವೆ ಇನ್ನೇನು ಆಗುತ್ತದೆ ಅನ್ನುವಲ್ಲಿಗೆ ಒಂದೆರಡು ಸಲ ಬಂದು ನಿಂತುಹೋಗಿತ್ತು. ಆಮೇಲೆ ಯಾರೂ ಕೇಳುವುದನ್ನೇ ಬಿಟ್ಟರು. ನಲವತ್ತು ದಾಟಿತು. ಬೆಳಿಗ್ಗೆ ಶಟರ್ ಎತ್ತುವುದು, ಗಾಜು ಕೊಯ್ಯುವುದು, ಮರದ ಪಟ್ಟಿಗಳ ಮೂಲೆ ಕೂಡಿಸಿ ಮೊಳೆ ಹೊಡೆಯುವುದು, ಹಿಂದಕ್ಕೆ ರಟ್ಟು ಅಂಟಿಸುವುದು. ದಿನವಿಡೀ ಬೇರೆಯವರ ಮದುವೆ, ಬೇರೆಯವರ ಮಕ್ಕಳು, ಬೇರೆಯವರ ಸತ್ತ ಅಜ್ಜಂದಿರು ಅವಳ ಮೇಜಿನ ಮೇಲೆ ಮಲಗಿರುತ್ತಿದ್ದರು. ಸಂಜೆ ಮೇಜು ಒರೆಸಿ, ಅಂಗಡಿಯ ಹಿಂದಿನ ಕೋಣೆಗೆ ಹೋಗಿ, ಒಬ್ಬಳಿಗೆ ಬೇಕಾದಷ್ಟು ಬೇಯಿಸಿಕೊಳ್ಳುತ್ತಿದ್ದಳು.

ಮಾರಾಟಕ್ಕಿಟ್ಟ ಫ್ರೇಮುಗಳು ಖಾಲಿ ಇದ್ದರೆ ಕಣ್ಣಿಗೆ ಹಿಡಿಸುವುದಿಲ್ಲ ಅಂತ ಅಪ್ಪ ಪ್ರತಿಯೊಂದರಲ್ಲೂ ಏನಾದರೊಂದು ಚಿತ್ರ ಇಡುತ್ತಿದ್ದ. ಹೂವು, ಬೆಟ್ಟ, ಕ್ಯಾಲೆಂಡರಿನಿಂದ ಕತ್ತರಿಸಿದ ದೋಣಿ. ಅವುಗಳ ನಡುವೆ ಮಗಳದೂ ಒಂದು ಫೋಟೊ. ಏಳೆಂಟು ವರ್ಷದ ಹುಡುಗಿ ಮನೆಯ ಮೆಟ್ಟಿಲ ಮೇಲೆ ಕೂತು, ಮೊಣಕಾಲಿಗೆ ಗಲ್ಲ ಊರಿ ನೆಟ್ಟಗೆ ಎದುರಿಗೆ ನೋಡುತ್ತಿದ್ದಾಳೆ. ನಗುತ್ತಿಲ್ಲ, ಆದರೆ ನಗು ತುಟಿಯ ಹಿಂದೆ ಬಂದು ನಿಂತಿದೆ. ಅಪ್ಪನಿಗೆ ಆ ಫೋಟೊ ಅಂದರೆ ಪ್ರಾಣ. ಎಷ್ಟೋ ಪ್ರತಿ ಹಾಕಿಸಿಟ್ಟಿದ್ದ. ಫ್ರೇಮು ಕೊಳ್ಳುವವರಿಗೆ ಅದು ಯಾಕೆ ಬೇಕು? ಕೆಲವರು ಅಲ್ಲೇ ಕಿತ್ತು ಕಸದ ಬುಟ್ಟಿಗೆ ಹಾಕುತ್ತಿದ್ದರು. ತನ್ನ ಮುಖ ಬುಟ್ಟಿಗೆ ಬೀಳುವುದನ್ನು ನೋಡಿ ನೋಡಿ ಅವಳಿಗೆ ರೂಢಿಯಾಗಿಹೋಗಿತ್ತು. ಕೊನೆಗೆ ಉಳಿದದ್ದು ಒಂದೇ ಪ್ರತಿ, ಶೋಕೇಸಿನ ಮೂಲೆಯಲ್ಲಿ, ಬಿಸಿಲಿಗೆ ಬಣ್ಣ ಮಾಸಿಕೊಂಡು.

ಅದನ್ನು ಒಬ್ಬ ಲಾರಿ ಡ್ರೈವರ್ ಕೇಳಿದ. ಅರವತ್ತರ ಹತ್ತಿರದ ಮನುಷ್ಯ, ಒಂದು ತೋಳು ಮಾತ್ರ ಬಿಸಿಲಿಗೆ ಕಪ್ಪಾಗಿತ್ತು.

"ಆ ಮೂಲೇದು ತೋರಿಸಮ್ಮಾ."

ಅವಳು ಫ್ರೇಮನ್ನು ಬೋರಲು ಹಾಕಿ ಹಿಂದಿನ ಮೊಳೆ ಎತ್ತತೊಡಗಿದಳು.

"ಏನ್ ಮಾಡ್ತಿದ್ದೀಯಮ್ಮಾ?"

"ಒಳಗಿನ ಫೋಟೊ ತೆಗೀತಿದ್ದೀನಿ ಸಾರ್. ನಿಮ್ಮದು ಕೊಡಿ, ಈಗ್ಲೇ ಹಾಕಿಕೊಡ್ತೀನಿ."

"ನಂದೇನೂ ಇಲ್ಲ. ಇದೇ ಇರ್ಲಿ."

"ಇದು ಸುಮ್ನೆ ಅಂದಕ್ಕೆ ಇಟ್ಟಿದ್ದು. ಹಳೇದು, ಬಣ್ಣನೂ ಹೋಗಿದೆ."

"ಹೋಗ್ಲಿ ಬಿಡು. ನಂದೇನು ಹೊಸಾ ಬಣ್ಣಾನಾ?"

ಅವಳಿಗೆ ನಗು ಬಂತು. ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟಳು. ಅವನು ಹೋದ ಮೇಲೆ ಶೋಕೇಸಿನ ಆ ಮೂಲೆಯ ಕಡೆಗೇ ಮತ್ತೆ ಮತ್ತೆ ಕಣ್ಣು ಹೋಗುತ್ತಿತ್ತು. ಬೇಡ ಬೇಡ ಅಂತ ಎಲ್ಲರೂ ಬಿಸಾಡುತ್ತಿದ್ದಾಗ ಅನಿಸದೇ ಇದ್ದದ್ದು, ಒಬ್ಬ ಬೇಕು ಅಂತ ಒಯ್ದಾಗ ಅನಿಸಿತು. ಏನನ್ನೋ ಕಳೆದುಕೊಂಡ ಹಾಗೆ.

ಕೆಲವು ವಾರಗಳ ನಂತರ ಅವನು ಅದೇ ಫ್ರೇಮು ಹಿಡಿದುಕೊಂಡು ಬಂದ. ಗೋಡೆಯ ಮೊಳೆ ಸಡಿಲಾಗಿ ಕೆಳಗೆ ಬಿದ್ದು ಗಾಜು ಸೀಳುಬಿಟ್ಟಿತ್ತು. ಅವಳು ಹೊಸ ಗಾಜಿಗೆ ಅಳತೆ ತೆಗೆಯುವಾಗ ಸ್ಟೂಲಿನ ಮೇಲೆ ಕೂತು, ಕೇಳದಿದ್ದರೂ ತಾನೇ ಮಾತು ತೆಗೆದ.

"ಲಾರಿ ಸ್ಟ್ಯಾಂಡಿನ ಹಿಂದೆ ಮಹಡಿ ಮೇಲೊಂದು ರೂಮು ನಂದು. ಹೆಂಡ್ತಿ ಬಿಟ್ಟುಹೋಗಿ ಎಷ್ಟೋ ಕಾಲ ಆಯ್ತು. ಮಕ್ಕಳಾಗ್ಲಿಲ್ಲ. ವಾರಗಟ್ಟಲೆ ರಸ್ತೆ ಮೇಲಿದ್ದು ಬಂದು ಬೀಗ ತೆಗೆದ್ರೆ ಮುಗ್ಗಲು ವಾಸನೆ ಬಿಟ್ರೆ ಇನ್ನೇನಿರ್ತಿತ್ತು? ಈಗ ಬಾಗಿಲಿಗೆ ಎದುರಾಗೇ ಈ ಕೂಸು. ಒಳಗೆ ಕಾಲಿಟ್ಟ ತಕ್ಷಣ, ಅಬ್ಬಾ ಬಂದ್ಯಾ, ಅಂತ ನೋಡ್ತಾಳೆ. ಗಾಡಿ ಓಡಿಸ್ತಾ ಇವಳಿಗೇನು ತಗೊಂಡು ಹೋಗೋದು ಅಂತ ಯೋಚನೆ ಬರುತ್ತೆ. ಮೊನ್ನೆ ರಿಬ್ಬನ್ ಕೊಂಡೇಬಿಟ್ಟೆ. ಹುಚ್ಚು ನೋಡು!" ಅವನು ನಕ್ಕ. "ಯಾರ ಮಗಳೋ ಏನೋ. ಈಗ ದೊಡ್ಡವಳಾಗಿರ್ತಾಳೆ. ಎಲ್ಲಿದ್ರೂ ಸುಖವಾಗಿದ್ರೆ ಸಾಕು."

ಅವಳು ಸುಮ್ಮನಿರಬಹುದಿತ್ತು. ಆದರೆ ಅವಳ ಸುಖದುಃಖ ವಿಚಾರಿಸಿ ಯಾರಾದರೂ ಹಾಗೆ ಮಾತಾಡಿ ಬಹಳ ದಿನವಾಗಿತ್ತು.

"ಅದು ನಾನೇ" ಅಂದಳು.

ಅವನು ಫೋಟೊ ನೋಡಿದ, ಅವಳನ್ನು ನೋಡಿದ, ತಲೆ ತಗ್ಗಿಸಿದ. ಆಮೇಲೆ ಕೇಳಿದ, "ಅಲ್ಲಿ ಯಾರನ್ನ ನೋಡ್ತಿದ್ದೆ?"

"ಅಮ್ಮನ್ನ. ಆಸ್ಪತ್ರೇಲಿದ್ದಳು. ವಾರ್ಡೊಳಗೆ ಮಕ್ಕಳನ್ನ ಬಿಡ್ತಿರ್ಲಿಲ್ಲ. ಮಗಳನ್ನ ನೋಡ್ಬೇಕು ಅಂತ ಹಟ ಹಿಡಿದಳಂತೆ. ಅದಕ್ಕೆ ಅಪ್ಪ ಯಾರದೋ ಕ್ಯಾಮೆರಾ ಇಸ್ಕೊಂಡು ಬಂದು, ಇದರೊಳಗಿಂದ ಅಮ್ಮ ನೋಡ್ತಾಳೆ, ಇಲ್ಲೇ ನೋಡು ಅಂದ."

"ಅವರು ನೋಡಿದ್ರಾ?"

"ಫೋಟೊ ತೊಳೆಸಿ ತರೋ ಹೊತ್ತಿಗೆ ಅಮ್ಮ ಇರ್ಲಿಲ್ಲ."

ಅವನು ಎದ್ದು ನಿಂತ. "ಹಾಗಾದ್ರೆ ಇದು ನಂದಲ್ಲ ಕಣಮ್ಮಾ. ಇನ್ನೊಬ್ಬರ ಪಾಲಿನದು ನಾನು ಎತ್ಕೊಂಡು ಹೋದಂಗಾಯ್ತು." ಅವಳು ಕರೆಯುತ್ತಿದ್ದ ಹಾಗೇ ಫ್ರೇಮು ಬಿಟ್ಟು ರಸ್ತೆ ದಾಟಿಬಿಟ್ಟ.

ಅವಳು ಗಾಜು ಹಾಕಿ ಅದನ್ನು ತನ್ನ ಕೋಣೆಯಲ್ಲೇ ನೇತುಹಾಕಿದಳು. ಸರಿಬರಲಿಲ್ಲ. ಊಟಕ್ಕೆ ಕೂತರೂ ಮಲಗಿದರೂ ಆ ಹುಡುಗಿ ಅವಳನ್ನು ದಾಟಿ ಇನ್ನೆಲ್ಲಿಗೋ ನೋಡುತ್ತಿದ್ದಳು. ಅಪ್ಪ ಅಷ್ಟೊಂದು ಪ್ರತಿ ಹಾಕಿಸಿ ಕಂಡವರ ಫ್ರೇಮಿಗೆಲ್ಲ ತುರುಕಿದ್ದು ಯಾಕೆ ಅಂತ ಅವಳಿಗೆ ಮೊದಲಿಂದಲೂ ಸಿಟ್ಟಿತ್ತು. ಅಮ್ಮನಿಗೆ ಮುಟ್ಟದ್ದು ಇನ್ಯಾರಿಗಾದರೂ ಮುಟ್ಟಲಿ ಅಂತಲೋ ಏನೋ. ಕೇಳೋಣ ಅಂದರೆ ಅಪ್ಪನೂ ಇಲ್ಲ.

ಭಾನುವಾರ ಮಧ್ಯಾಹ್ನ ಫ್ರೇಮನ್ನೂ ಸುತ್ತಿಗೆಯನ್ನೂ ಚೀಲಕ್ಕೆ ಹಾಕಿಕೊಂಡು, ಲಾರಿ ಸ್ಟ್ಯಾಂಡಿನಲ್ಲಿ ವಿಚಾರಿಸಿ ಅವನ ಮಹಡಿ ಹತ್ತಿದಳು. ಬನಿಯನ್ನಿನಲ್ಲಿದ್ದವನು ಗಡಿಬಿಡಿಯಿಂದ ಅಂಗಿ ಹುಡುಕಿದ. ಒಂದು ಚಾಪೆ, ಒಂದು ಕುರ್ಚಿ, ಹಗ್ಗದ ಮೇಲೆ ಟವೆಲ್. ಬಾಗಿಲಿಗೆ ಎದುರಿನ ಗೋಡೆಯಲ್ಲಿ ಗಾರೆ ಉದುರಿದ ತೂತು. ಅವಳು ಚೀಲದಿಂದ ಫ್ರೇಮು ತೆಗೆದು ಅವನ ಕಡೆ ಚಾಚಿದಳು.

"ಎಲ್ಲ ಗೊತ್ತಾದ ಮೇಲೆ ಹೇಗಮ್ಮಾ ಇಟ್ಕೊಳ್ಳಲಿ?"

"ನಾನು ದಿನಾ ಅದರ ಮುಂದೇನೇ ಇರ್ತೀನಿ, ನನ್ನನ್ನ ಕ್ಯಾರೇ ಅನ್ನಲ್ಲ ಅದು. ನೀವಾದ್ರೆ ದೂರದಿಂದ ಬರ್ತೀರಿ."

ತೂತಿನಿಂದ ಒಂದು ಗೇಣು ಪಕ್ಕಕ್ಕೆ ಗಟ್ಟಿ ಜಾಗ ನೋಡಿ ಅವಳೇ ಮೊಳೆ ಹೊಡೆದಳು. ಅವನು ಚಹಾ ಮಾಡಿದ. ಮನೆಯಲ್ಲಿದ್ದದ್ದು ಒಂದೇ ಲೋಟ. ಅದನ್ನು ಅವಳಿಗೆ ಕೊಟ್ಟು ತಾನು ಪಾತ್ರೆಯಲ್ಲೇ ಕುಡಿದ.

"ಆವತ್ತು ಆ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದೆ?"

ಅದನ್ನು ಯಾವತ್ತೂ ಯಾರೂ ಕೇಳಿರಲಿಲ್ಲ. ಅವಳು ಹೇಳಿದಳು. ಅಪ್ಪ ಕ್ಯಾಮೆರಾ ತೆಗೆದುಕೊಂಡು ಹೋದ ಮೇಲೂ ತಾನು ಏಳಲಿಲ್ಲ. ಎದ್ದರೆ ಅಮ್ಮನಿಗೆ ಕಾಣಿಸುವುದಿಲ್ಲ ಅಂದುಕೊಂಡಿದ್ದಳು. ಕಾಲು ಜೋಮು ಹಿಡಿಯಿತು. ಪಕ್ಕದ ಮನೆಯವರು ಊಟಕ್ಕೆ ಕರೆದರೂ ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಯಾರೋ ಎತ್ತಿಕೊಂಡು ಒಳಗೆ ಹೋದರು. ಇಷ್ಟನ್ನು ಹೇಳುವಷ್ಟರಲ್ಲಿ ಲೋಟದ ಚಹಾ ಪೂರ್ತಿ ಆರಿತ್ತು. ಅವನು ಅಯ್ಯೋ ಪಾಪ ಅನ್ನಲಿಲ್ಲ. ಲೋಟ ಇಸಿದುಕೊಂಡು ಮತ್ತೆ ಬಿಸಿ ಮಾಡಿ ಕೊಟ್ಟ.

ಸಂಜೆ ಅವನಿಗೆ ಲೋಡು ಇತ್ತು. ಇಬ್ಬರೂ ಒಟ್ಟಿಗೇ ಮೆಟ್ಟಿಲಿಳಿದರು. ಸ್ಟ್ಯಾಂಡಿನ ಗೇಟಿನ ಹತ್ತಿರ ನಿಂತು ಅವನು, "ಮತ್ತೆ ಬಾ ಅಂತ ಹೇಳೋಣ ಅಂದ್ರೆ, ನಾನೇ ಊರಲ್ಲಿರಲ್ಲ" ಅಂದ.

"ಇರ್ಲಿ, ಹುಷಾರಾಗಿ ಓಡಿಸಿ."

ಅವನ ಲಾರಿ ದೊಡ್ಡ ರಸ್ತೆಯ ಕಡೆ ತಿರುಗಿತು. ಭಾನುವಾರವಾದ್ದರಿಂದ ಅಂಗಡಿಗಳೆಲ್ಲ ಮುಚ್ಚಿದ್ದವು. ಅವಳು ಹಗುರಾದ ಚೀಲ ಹೆಗಲಿಗೇರಿಸಿ, ಮುಚ್ಚಿದ ಬಾಗಿಲುಗಳ ಪಕ್ಕದಲ್ಲೇ ನಿಧಾನವಾಗಿ ನಡೆದಳು.