ಚೌಕಟ್ಟು ಹಾಕಿದ ಗೆರೆ

ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಬಾಯಿಗೆ ತುಟಿ ಕೊಟ್ಟ, ಕಿವಿಗೆ ಮಾತ್ರ ಬಾಗಿಲು ಇಡಲಿಲ್ಲ. ಬಂದದ್ದನ್ನೆಲ್ಲ ಕೇಳಲಿ ಎಂದೇ ಇರಬೇಕು. ಆದರೂ ಕೇಳದಿರುವ ವಿದ್ಯೆಯನ್ನು ಮನುಷ್ಯ ಹೇಗೋ ಕಲಿತುಬಿಟ್ಟ. ಮಿನೆಸೋಟಾದ ಉತ್ತರಕ್ಕಿರುವ ಟಾಮರಾಕ್ ಫಾಲ್ಸ್ ಎಂಬ ಊರಿನ ಆರ್ಡಿಸ್ ಟ್ವೆಟ್‌ಗೆ ಹೇಸಿಗೆಯಾಗುತ್ತಿದ್ದುದು ಆ ವಿದ್ಯೆಯನ್ನು ಕಂಡೇ.

ಅವಳ ಕೆಲಸವೇ ಅಂಥದು. ಕೋಣೆಯೊಳಗಿನ ದನಿಯನ್ನು ಅಳೆಯುವ ಒಂದು ಸಾಫ್ಟ್‌ವೇರ್ ಇತ್ತು. ಅದನ್ನು ಬಳಸುವವರ ದೂರುಗಳಿಗೆ ಮನೆಯಲ್ಲಿ ಕೂತು ಉತ್ತರ ಬರೆಯುವುದು ಅವಳ ಪಾಲಿನದು. ಸ್ಪೀಕರಿನಿಂದ ಒಂದು ಊಳು ತಗ್ಗಿನಿಂದ ಏರಿಗೆ ಹೊರಡುತ್ತದೆ, ಮೈಕು ಅದನ್ನು ಹಿಡಿಯುತ್ತದೆ, ಆ ಊಳನ್ನು ಕೋಣೆ ಏನು ಮಾಡಿತು ಎಂಬುದು ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಯಾವ ಕೋಣೆಯ ಗೆರೆಯೂ ನೆಟ್ಟಗಿರುವುದಿಲ್ಲ. ದಿಣ್ಣೆ ಹಳ್ಳ ಇದ್ದೇ ಇರುತ್ತವೆ. ಆದರೆ ದೂರು ಬರೆಯುವವರಿಗೆ ಅದನ್ನು ಹೇಳುವವರು ಯಾರು? ಒಬ್ಬ ಮೈಕನ್ನು ಸೋಫಾದ ದಿಂಬುಗಳ ನಡುವೆ ಹುಗಿದು, ನಿಮ್ಮ ಸಾಫ್ಟ್‌ವೇರ್ ಕಿವುಡು ಎನ್ನುತ್ತಾನೆ. ಇನ್ನೊಬ್ಬ ಗೆರೆಯ ಹಳ್ಳ ತುಂಬಿಸಲು ದನಿ ಏರಿಸಿ ಏರಿಸಿ ಸ್ಪೀಕರನ್ನೇ ಸುಟ್ಟುಕೊಂಡು, ಒಂದೇ ಒಂದು ನಕ್ಷತ್ರ ಕೊಟ್ಟು, ಅದನ್ನು ಕೊಡಲೂ ಮನಸ್ಸಿರಲಿಲ್ಲ ಎಂದು ಷರಾ ಬರೆಯುತ್ತಾನೆ. ಕುಣಿಯಲಾರದವಳಿಗೆ ನೆಲ ಡೊಂಕು. ಇದನ್ನೆಲ್ಲ ದಿನವೂ ಓದಿ ಓದಿ ಆರ್ಡಿಸ್‌ಗೆ ಬೆಳಗಿನ ಕಾಫಿಯೇ ಹಳಸಿದಂತಾಗುತ್ತಿತ್ತು.

ಚಳಿಗಾಲದ ಹೊತ್ತಿಗೆ ಆ ಹೇಸಿಗೆ ಅವಳ ಚರ್ಚಿನ ಬಾಗಿಲಿಗೂ ಬಂತು.

ಅವಳ ಅಪ್ಪ ಹಾಲ್ವರ್ ಹಾಲಿನ ಲಾರಿ ಓಡಿಸಿ ನಿವೃತ್ತನಾದವನು. ಆರ್ಡಿಸ್ ಹುಟ್ಟುವ ಮೊದಲಿನಿಂದಲೂ ಭಾನುವಾರ ಪೀಠದ ಮುಂದೆ ನಿಂತು ವಾಕ್ಯ ಓದುತ್ತಿದ್ದವನು ಅವನೇ. ಈಗ ಚರ್ಚಿಗೆ ಹೊಸ ಸ್ಪೀಕರುಗಳು ಬಂದಿದ್ದವು, ಎರಡು ಮುಂದೆ, ಎರಡು ಹಿಂಬದಿಯ ಅಟ್ಟದ ಕೆಳಗೆ. ಅವು ಬಂದಂದಿನಿಂದ ಅಪ್ಪನ ಬಾಯಿಂದ ಹೊರಟ ಮಾತು ಜನರ ಬೆಂಚು ಮುಟ್ಟುವಷ್ಟರಲ್ಲಿ ಗಂಜಿಯಾಗುತ್ತಿತ್ತು. ಯಾರಿಗೂ ಒಂದಕ್ಷರ ತಿಳಿಯದು. ಚರ್ಚಿನ ಸಮಿತಿಯ ಮುಖ್ಯಸ್ಥ ವರ್ಲಿನ್ ಲುಂಡೀನ್, ಸ್ಪೀಕರು ಕೂರಿಸಿದ್ದ ಟ್ರೆವರ್ ಹಾಸ್‌ನನ್ನು ಮತ್ತೆ ಕರೆಸಿದ. ಟ್ರೆವರ್ ಲ್ಯಾಪ್‌ಟಾಪ್ ತೆರೆದು ಅಳೆದ. ಗೆರೆ ನೂಲು ಹಿಡಿದಂತೆ ನೆಟ್ಟಗೆ ಬಂತು! ವರ್ಲಿನ್ ಅದಕ್ಕೆ ಚೌಕಟ್ಟು ಹಾಕಿಸಿ, ಹಳೆಯ ಪಾದ್ರಿಗಳ ಚಿತ್ರಗಳ ಸಾಲಿನಲ್ಲೇ ತೂಗುಹಾಕಿದ.

ಆಮೇಲೆ ಆರಾಧನೆ ಮುಗಿದು ಎಲ್ಲರೂ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ವರ್ಲಿನ್ ಹಾಲ್ವರ್‌ನ ಕೈಗೆ ಗಂಟಲು ಕೆಟ್ಟಾಗ ಚೀಪುವ ಮಿಠಾಯಿಯ ಪೊಟ್ಟಣವೊಂದನ್ನು ಇಟ್ಟ.

"ಬೇಜಾರ್ ಮಾಡ್ಕೋಬೇಡಿ ಹಾಲ್ವರ್. ಮೆಷಿನ್ನು ಸರಿಯಾಗಿದೆ ಅಂತ ಗೊತ್ತಾಯ್ತಲ್ಲ, ಇನ್ನುಳಿದಿದ್ದು ಗಂಟ್ಲು ತಾನೆ? ಜೇನಿಂದು, ಚೀಪಿ. ಮುಂದಿನ್ ವಾರ ನಾನೇ ಓದ್ತೀನಿ. ನೀವು ಆರಾಮ್ ತಗೊಳ್ಳಿ."

"ಎಷ್ಟ್ ವಾರ ತಗೊಳ್ಲಿ?"

"ಅಯ್ಯೋ, ಅದೆಲ್ಲ ಈಗ್ಯಾಕೆ!"

ಆ ಊರಿನಲ್ಲಿ ಯಾರೂ ಯಾರನ್ನೂ ಹೊರಗೆ ದಬ್ಬುವುದಿಲ್ಲ. ಕೈಗೆ ಸಿಹಿ ಕೊಟ್ಟು, ಬಾಗಿಲನ್ನು ಮರ್ಯಾದೆಯಿಂದ ತೆರೆದು ಹಿಡಿಯುತ್ತಾರೆ.

ಅವತ್ತು ಸಂಜೆ ಹಾಲ್ವರ್ ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ತುಟಿಯೊಳಗೇ ಮುಗಿಸಿದ. ಆರ್ಡಿಸ್ ಚಮಚ ಕೆಳಗಿಟ್ಟಳು.

"ಅಪ್ಪಾ, ಜೋರಾಗಿ ಹೇಳಪ್ಪ."

"ಹೋಗ್ಲಿ ಬಿಡೇ. ದೇವ್ರಿಗೆ ಕೇಳ್ಸುತ್ತೆ."

ಮುಂದಿನ ಭಾನುವಾರ ವರ್ಲಿನ್ ಓದಿದ. ಪೀಪಾಯಿಯೊಳಗೆ ಕೂತು ಯಾರೋ ಯಾರನ್ನೋ ಬೈದಂತೆ ಕೇಳಿಸಿತು. ಆದರೆ ನೆಲಮಾಳಿಗೆಯಲ್ಲಿ ನಿಂಬೆಹುಳಿಯ ಸಿಹಿ ಹಂಚುತ್ತಿದ್ದ ಮಾರ್ಲಿಸ್ ಎಂಬ ಹೆಂಗಸು, "ಎಷ್ಟ್ ಸ್ಪಷ್ಟ ಓದಿದ್ರು ಅಲ್ವಾ!" ಎಂದಳು.

"ಏನ್ ಓದಿದ್ರು?" ಎಂದಳು ಆರ್ಡಿಸ್.

"ಅದೇ... ಬೈಬಲ್ಲು."

ಆರ್ಡಿಸ್ ಕಚ್ಚಿದ್ದ ಸಿಹಿಯನ್ನು ಕಾಗದದಲ್ಲಿ ಉಗುಳಿ ಮಡಚಿಟ್ಟಳು.

ಆ ವಾರವೇ ಅವಳ ದೂರುಗಳ ನಡುವೆ ಒಂದು ಚಿತ್ರ ಬಂತು. ನೀಲಿ ಬಳಿದ ಚಾವಣಿ, ಅದರ ತುಂಬ ಚಿನ್ನದ ಚುಕ್ಕಿ. ಮಗುವಾಗಿದ್ದಾಗ ಚರ್ಚಿನಲ್ಲಿ ಅಮ್ಮನ ತೊಡೆಯ ಮೇಲೆ ಮಲಗಿ ಎಣಿಸಿದ್ದ ಚುಕ್ಕಿಗಳು! ಕೆಳಗೆ ಟ್ರೆವರ್ ಬರೆದಿದ್ದ: ಗೆರೆ ನೆಟ್ಟಗಿದೆ, ಆದರೂ ಹಿಂದಿನ ಬೆಂಚಿನ ಮುದುಕರು ಗೊಣಗುವುದು ನಿಂತಿಲ್ಲ. ಒಂದೋ ನಿಮ್ಮ ಸಾಫ್ಟ್‌ವೇರ್ ಸುಳ್ಳು, ಇಲ್ಲಾ ಇವರೆಲ್ಲ ಕಿವುಡರು.

ಆರ್ಡಿಸ್ ಅವನು ಜೊತೆಗೆ ಕಳಿಸಿದ್ದ ಗೆರೆಯನ್ನು ನೋಡಿದಳು. ಹಾಗೆ ನೆಟ್ಟಗಿರುವ ಕೋಣೆಯನ್ನು ದೇವರು ಇನ್ನೂ ಮಾಡಿಲ್ಲ. ಮೈಕನ್ನು ಕಿತ್ತು ಇನ್ನೊಮ್ಮೆ ಅಳೆದು ನೋಡಿ ಎಂದು ಮಾತ್ರ ಬರೆದಳು. ಉತ್ತರ ಕೂಡಲೇ ಬಂತು: "ಮೈಕ್ ಕಿತ್ತು ಅಳೆಯೋದಾ? ತಾಯಿ, ನಾನು ಹುಟ್ಟಿದ್ದೇ ಮೈಕ್ ಹಿಡ್ಕೊಂಡು. ನಂಗೆ ಪಾಠ ಬೇಡ."

ಶನಿವಾರ ಬೆಳಿಗ್ಗೆ ಅವಳು ಅಪ್ಪನನ್ನು ಕರೆದುಕೊಂಡು ಚರ್ಚಿಗೆ ಹೋದಳು. ಟ್ರೆವರ್ ಇದ್ದ, ವರ್ಲಿನ್ ಇದ್ದ.

"ಟ್ರೆವರ್, ಮೈಕ್ ಕಿತ್ತು ಅಳೀರಿ ಅಂದೋಳು ನಾನೇ," ಎಂದಳು.

ಟ್ರೆವರ್ ವರ್ಲಿನ್‌ನ ಮುಖ ನೋಡಿ ನಕ್ಕ. "ಇವ್ರಾ! ಸರಿ, ನಿಮ್ ಸಮಾಧಾನಕ್ಕೆ." ಅವಳು ಮೈಕಿನ ತಂತಿಯನ್ನು ಎಳೆದು ಬೆಂಚಿನ ಮೇಲೆ ಇಟ್ಟಳು. ಅವನು ಗುಂಡಿ ಒತ್ತಿದ. ಊಳು ಏರಿತು, ನಿಂತಿತು. ಕೇಳಲು ಮೈಕೇ ಇಲ್ಲ. ಆದರೂ ಪರದೆಯ ಮೇಲೆ ಅದೇ ಗೆರೆ, ಅದೇ ನೂಲಿನಂಥ ನೇರ.

ಆರ್ಡಿಸ್ ಬಗ್ಗಿ ಲ್ಯಾಪ್‌ಟಾಪಿನ ಪಕ್ಕದ ತಂತಿಗಳನ್ನು ತೋರಿಸಿದಳು.

ಲ್ಯಾಪ್‌ಟಾಪಿಗೆ ದನಿ ಮುಟ್ಟಿಸುವ ಪುಟ್ಟ ಪೆಟ್ಟಿಗೆಯೊಂದಿದೆ, ಅದಕ್ಕೆ ಎರಡು ತಂತಿ ಬರುತ್ತವೆ. ಒಂದು ಮೈಕಿನದು. ಇನ್ನೊಂದು ಮೊಳದುದ್ದದ ತುಂಡು, ಪೆಟ್ಟಿಗೆಯಿಂದ ಹೊರಟು ಪೆಟ್ಟಿಗೆಗೇ ಮರಳುವುದು, ದನಿ ಯಾವಾಗ ಹೊರಟಿತು ಎಂದು ಗುರುತಿಡಲಷ್ಟೇ. ಟ್ರೆವರ್ ಆ ತುಂಡನ್ನೇ ಅಳೆದಿದ್ದ. ಕೋಣೆಯ ದನಿ ಆ ಗೆರೆಯೊಳಗೆ ಬಂದೇ ಇರಲಿಲ್ಲ. ಸಾಫ್ಟ್‌ವೇರು ತನ್ನ ಬಾಯಿಯನ್ನು ತನ್ನ ಕಿವಿಗೇ ಇಟ್ಟು, ಆಹಾ ಎಂಥ ಕಂಠ ಎಂದು ತಲೆದೂಗಿತ್ತು.

"ಅದು ಎಚ್ಚರಿಕೆ ಕೊಡ್ಬೇಕಿತ್ತು," ಎಂದ ಟ್ರೆವರ್.

"ಕೊಡುತ್ತೆ. 'ಇನ್ಮುಂದೆ ತೋರಿಸ್ಬೇಡ' ಅಂತ ಒತ್ತಿದ್ದೀರಿ, ನೋಡಿ."

ವರ್ಲಿನ್ ಕೆಮ್ಮಿದ. "ಇದು ಸ್ವಲ್ಪ... ಬೇರೆ ಥರ ಇದೆಯಪ್ಪ."

ಅವಳು ಮೈಕು ಚುಚ್ಚಿ, ಸರಿಯಾದ ತಂತಿ ಆರಿಸಿ, ಹಿಂದಿನ ಬೆಂಚಿನ ಹತ್ತಿರ ನಿಂತು ಅಳೆದಳು. ಈ ಸಲ ದಿಣ್ಣೆ ಹಳ್ಳ ಎಲ್ಲ ಬಂದವು. ಅದರ ಜೊತೆಗೆ ನಿಜವಾದ ರೋಗವೂ ಬಂತು. ಅಟ್ಟದ ಕೆಳಗಿನ ಸ್ಪೀಕರುಗಳು ಮುಂದಿನವುಗಳ ಮಾತು ಬರುವ ತನಕ ಒಂದು ಚಣ ಕಾಯಬೇಕು. ಕಾಯುವುದನ್ನು ಅವಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದೇ ಮಾತು ಎರಡು ಕಡೆಯಿಂದ ಹಿಂದುಮುಂದಾಗಿ ಬಂದು ತನ್ನನ್ನೇ ತುಳಿದುಕೊಳ್ಳುತ್ತಿತ್ತು. ಅವಳು ಹಿಂದಿನ ಸ್ಪೀಕರುಗಳಿಗೆ ಆ ಒಂದು ಚಣದ ತಡವನ್ನು ಸೇರಿಸಿ, ಅಪ್ಪನತ್ತ ಕೈಬೀಸಿದಳು. ಹಾಲ್ವರ್ ಪೀಠದ ಮುಂದೆ ನಿಂತು, "ಯಾರಾದ್ರೂ ಇದ್ದೀರೇನ್ರಪ್ಪಾ ಅಲ್ಲಿ?" ಎಂದ. ಆ ಮಾತು ಹಿಂದಿನ ಗೋಡೆಯವರೆಗೂ ಮುರಿಯದೆ ಬಂತು.

"ನಾಳೆ ಯಾರ್ ಓದ್ತಾರೆ?" ಎಂದಳು ಆರ್ಡಿಸ್.

"ಹಾಲ್ವರ್ ಗಂಟ್ಲು ಸರಿಹೋಗಿದ್ರೆ..."

"ಹೋಗಿದೆ."

ಭಾನುವಾರ ಹಾಲ್ವರ್ ಓದಿದ. ಕೊನೆಯ ಬೆಂಚಿನ ಮುದುಕಿಯೊಬ್ಬಳು ಎಷ್ಟೋ ವಾರಗಳ ಮೇಲೆ ತಲೆಯೆತ್ತಿ ಕೂತಳು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕೆಳಗೆ ಕಾಫಿ ಸುರಿಯುತ್ತಿದ್ದ ಮಾರ್ಲಿಸ್, "ನೋಡಿದ್ರಾ, ಆ ಮಿಠಾಯಿ ಎಂಥಾ ಕೆಲ್ಸ ಮಾಡ್ತು!" ಎಂದಳು. "ಜೇನಿಂದು," ಎಂದ ವರ್ಲಿನ್, ಕಣ್ಣು ಮಿಟುಕಿಸದೆ.

ಆರ್ಡಿಸ್ ಕಾಫಿಯ ಲೋಟ ಕುಕ್ಕಿದಳು. ಅವಳು ಬಾಯಿ ತೆರೆಯುವ ಮೊದಲೇ ಹಾಲ್ವರ್ ಕೋಟಿನ ಜೇಬಿನಿಂದ ಪೊಟ್ಟಣ ತೆಗೆದ. ಅದರ ಬಾಯಿ ಇನ್ನೂ ಹರಿದಿರಲಿಲ್ಲ.

"ತಗೋ ವರ್ಲಿನ್," ಎಂದ ಮೆಲ್ಲಗೆ. "ಒಂದನ್ನೂ ಮುಟ್ಟಿಲ್ಲ. ನೀನಿನ್ನೂ ಚಿಕ್ಕೋನು, ಮುಂದೆ ಬೇಕಾಗುತ್ತೆ."

ವರ್ಲಿನ್ ಅದನ್ನು ತೆಗೆದುಕೊಂಡು, ಥ್ಯಾಂಕ್ಸ್ ಎಂದ. ಬೇರೇನು ಹೇಳಲೂ ಆ ಊರಿನ ಮರ್ಯಾದೆ ಬಿಡದು. ಹೊರಡುವಾಗ ಆರ್ಡಿಸ್ ನೋಡಿದಳು, ಪಾದ್ರಿಗಳ ಸಾಲಿನಲ್ಲಿ ಆ ನೆಟ್ಟಗಿನ ಗೆರೆ ಇನ್ನೂ ನೇತಾಡುತ್ತಿತ್ತು. ಗಾಜನ್ನು ಯಾರೋ ಒರೆಸಿಯೂ ಇದ್ದರು.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ ಟ್ರೆವರನ ಷರಾ ಕಾದಿತ್ತು. ಒಂದು ನಕ್ಷತ್ರ. ಬಳಸುವುದು ಕಷ್ಟ, ಚರ್ಚಿನ ತೊಂದರೆಯನ್ನು ಕೊನೆಗೆ ನಾನೇ ಪತ್ತೆ ಮಾಡಬೇಕಾಯಿತು, ಎಂದು. ಸತ್ತ ಇಲಿಯ ಮೇಲೆ ಮೊರ ಕವುಚುವಂತೆ ಅವಳು ಮುಚ್ಚಳ ಕವುಚಿದಳು.

"ಬಾರೇ, ಆಲೂಗಡ್ಡೆ ಆರ್ತಾ ಇದೆ!" ಅಡಿಗೆಮನೆಯಿಂದ ಅಪ್ಪ ಕೂಗಿದ.

ಅವಳು ಹೋಗಿ ಕೂತಳು. ಬಾಯಲ್ಲಿ ಇನ್ನೂ ಕಹಿಯಿತ್ತು. ಹಾಲ್ವರ್ ಕೈ ಜೋಡಿಸಿ, ಪಕ್ಕದ ಮನೆಯ ನಾಯಿ ಬೊಗಳುವಷ್ಟು ಜೋರಾಗಿ ಪ್ರಾರ್ಥನೆ ಶುರುಮಾಡಿದ.