ಮೂರನೇ ನುಡಿ ಯಾರದು

ಚಿಕ್ಕಮ್ಮನ ಕೋಪ ಮೂಗಿನ ತುದಿಯಲ್ಲಿತ್ತು ಎಂದರೆ ಮೂಗಿಗೆ ಅವಮಾನ. ಅದು ಮೂಗಿಗಿಂತ ಒಂದು ಗೇಣು ಮುಂದೆಯೇ ನಡೆಯುತ್ತಿತ್ತು. ಅವತ್ತು ಸೈಕಲ್ ರಿಪೇರಿ ಅಂಗಡಿಯ ಮಹಡಿ ಹತ್ತಿ ಅಕ್ಕನ ಮಗಳ ರೆಕಾರ್ಡು ಕಂಪನಿಗೆ ಬಂದಾಗಲೂ ಹಾಗೇ. ಕಂಪನಿ ಅಂದರೆ ಎರಡು ಕೋಣೆ, ಗೋಡೆ ತುಂಬ ರಟ್ಟಿನ ಪೆಟ್ಟಿಗೆ. ಯಾವುದೋ ದ್ವೀಪದ ಮದುವೆ ಬ್ಯಾಂಡು, ಯಾವುದೋ ಮರಳುಗಾಡಿನ ಒಂಟಿ ತಂತಿ, ಹೀಗೆ ಲೋಕವೇ ಮರೆತ ಹಾಡುಗಳನ್ನು ಹುಡುಗಿ ಹುಡುಕಿ ತಂದು, ಗರಗರ ಸದ್ದು ತೆಗೆದು, ಮತ್ತೆ ಹೊಸ ರೆಕಾರ್ಡಾಗಿ ಹೊರತರುತ್ತಿದ್ದಳು. ಈ ಸಲ ಸಿಕ್ಕಿದ್ದು ಅವಳ ತಾಯಿಯೂ ಚಿಕ್ಕಮ್ಮನೂ ಹರೆಯದಲ್ಲಿ ಸೇರಿ ಹಾಡಿದ್ದ ಒಂದೇ ಒಂದು ರೆಕಾರ್ಡು.

ಇಬ್ಬರೂ ಒಪ್ಪದೆ ಅದು ಹೊರಬರುವಂತಿಲ್ಲ. ಅಕ್ಕ ಆಗಲೇ ಹೂಂ ಅಂದು, ಅಲ್ಲೇ ಫ್ಯಾನಿನ ಕೆಳಗೆ ಕೂತಿದ್ದಳು. ತಂಗಿಯದು ಮಾತ್ರ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು: ಮೂರನೇ ನುಡಿ ಕತ್ತರಿಸಬೇಕು. ತಾನೊಬ್ಬಳೇ ಹಾಡಬೇಕಿದ್ದ ನುಡಿಯನ್ನು ಅಕ್ಕ ಮೊಣಕೈಯಲ್ಲಿ ತಳ್ಳಿ ಕಸಿದುಕೊಂಡಳು ಅನ್ನುವುದು ಅವಳ ದೂರು. ಅಂದಿನಿಂದ ಅಕ್ಕನ ಜೊತೆ ಹಾಡಿಲ್ಲ, ನೆಟ್ಟಗೆ ಮಾತೂ ಆಡಿಲ್ಲ. ಸಿಟ್ಟಿಗೆ ಆ ರೆಕಾರ್ಡನ್ನು ಒಮ್ಮೆಯೂ ಕೇಳಿಲ್ಲ.

"ನಿಮ್ಮಮ್ಮನಿಗೆ ಹೇಳು, ಆ ಫ್ಯಾನು ಕಡಿಮೆ ಮಾಡ್ಲಿ."

"ನಿಮ್ಮ ಚಿಕ್ಕಮ್ಮನಿಗೆ ಹೇಳು, ಅದು ತಿರುಗೋದೇ ಅಷ್ಟು."

"ನಾನೇನು ಟಪಾಲು ಡಬ್ಬಿನಾ? ಮೊದಲು ಕೇಳಿ, ಆಮೇಲೆ ಕತ್ತರಿಸೋ ಮಾತು," ಎಂದು ಹುಡುಗಿ ರೇಗಿದಳು. "ಅಣ್ಣಾ, ಐದು ನಿಮಿಷ ಸುತ್ತಿಗೆ ಇಡಿ!" ಎಂದು ಕಿಟಕಿಯಿಂದ ಕೆಳಗಿನ ರಿಪೇರಿಯವನಿಗೂ ಕೂಗಿ, ಹಾಡು ಹಾಕಿದಳು.

ಅಬ್ಬಾ, ಎಂಥ ಕಂಠಗಳು! ಒಂದೇ ಮೈಕಿಗೆ ಇಬ್ಬರೂ ಮುಖ ಕೊಟ್ಟು ಹಾಡಿದ್ದರು. ಚಿಕ್ಕಮ್ಮ ಜಗಳ ಮರೆತು ಮೊಣಕಾಲ ಮೇಲೆ ತಾಳ ಹಾಕತೊಡಗಿದಳು. ಮೂರನೇ ನುಡಿಯ ಮೊದಲ ಸಾಲು ಅವಳದೇ ದನಿಯಲ್ಲಿ ಬಂತು. ಎರಡನೇ ಸಾಲಿನಲ್ಲಿ ದನಿ ನಡುಗಿತು, ನಿಂತೇಹೋಯಿತು. ಒಂದು ಸಣ್ಣ ಬಿಕ್ಕು. ಆಮೇಲೆ ಅಕ್ಕನ ದನಿ ಹಿಂದಿನಿಂದ ಓಡೋಡಿ ಬಂದು, ಅರ್ಧಕ್ಕೆ ಬಿದ್ದ ಸಾಲನ್ನು ಎತ್ತಿಕೊಂಡು ನಡೆಯಿತು.

"ಇನ್ನೊಂದ್ಸಲ ಹಾಕೇ," ಎಂದಳು ಚಿಕ್ಕಮ್ಮ.

ಹಾಕಿದಳು. ಅದೇ ಬಿಕ್ಕು. ಅಪರಿಚಿತ ಕೋಣೆ, ಗಾಜಿನಾಚೆ ಗಂಟುಮುಖದ ದೊಡ್ಡವರು, ಒಣಗಿದ ಗಂಟಲು, ಎಲ್ಲ ನೆನಪಾಯಿತು. ಇಷ್ಟು ವರ್ಷ ಅವಳಿಗೆ ಮೊಣಕೈಯೊಂದೇ ನೆನಪಿತ್ತು. ಚಿಕ್ಕಮ್ಮ ಅಕ್ಕನ ಕಡೆ ತಿರುಗಿದಳು.

"ಅಕ್ಕಾ," ಎಂದಳು, ನೇರವಾಗಿ ಅವಳಿಗೇ. "ಯಾಕೆ ಹೇಳ್ಲಿಲ್ಲ ನೀನು?"

"ಅವತ್ತು ಆ ಗಾಜಿನಾಚೆಯವರ ಮುಂದೆ ಹೇಳಿದ್ರೆ, ಹೆದರುಪುಕ್ಕಲಿ ಬೇಡ ಅಂತ ನಿನ್ನನ್ನ ಮನೆಗೆ ಕಳಿಸ್ತಿದ್ರು. ಆಮೇಲೆ ಹೇಳೋಣ ಅಂದ್ರೆ ನೀನು ಮಾತೇ ಬಿಟ್ಟಿದ್ದೆ."

ಚಿಕ್ಕಮ್ಮ ಅತ್ತಳು, ಅಳುತ್ತಲೇ ಅಕ್ಕನ ಭುಜಕ್ಕೊಂದು ಗುದ್ದಿದಳು. "ಮೊಂಡಿ! ನನಗಿಂತ ದೊಡ್ಡ ಮೊಂಡಿ ನೀನು!" ಅಕ್ಕ ಅವಳ ಕೈಯನ್ನು ಅಲ್ಲೇ ಹಿಡಿದುಕೊಂಡಳು.

ಹುಡುಗಿ ಮೂಗು ಒರೆಸಿಕೊಂಡು ಯಂತ್ರದ ಕಡೆ ತಿರುಗಿದಳು. "ನುಡಿ ಇರ್ಲಿ ಅಂತಾಯ್ತು. ಆ ಬಿಕ್ಕು ಮಾತ್ರ ಅಳಿಸಿಬಿಡ್ಲಾ ಚಿಕ್ಕಮ್ಮಾ? ಚಿಟಿಕೆ ಹೊಡೆಯೋಷ್ಟರಲ್ಲಿ ಆಗೋ ಕೆಲಸ. ನೀನು ಹೆದರಿದ್ದು ಯಾರಿಗೂ ಗೊತ್ತಾಗಲ್ಲ."

"ಮುಟ್ಟಿದ್ರೆ ಕೈ ಮುರೀತೀನಿ," ಎಂದಳು ಚಿಕ್ಕಮ್ಮ. "ಅದನ್ನ ಅಳಿಸಿದ್ರೆ, ನಮ್ಮಕ್ಕ ಯಾಕೆ ಮುಂದೆ ಬಂದ್ಲು ಅಂತ ಕೇಳೋರಿಗೆ ಹೇಗೇ ಗೊತ್ತಾಗುತ್ತೆ?"